ಟೀ ಆದಮೇಲಿನ ಮೂಟೆಗಳು

ಬೆಳ್ಳೂರು ಕ್ರಾಸಿನ ದನದ ಹಿಂಡಿ ಗೋದಾಮಿನಲ್ಲಿ ಮೂಟೆ ಎತ್ತುವ ಜೋಡಿಗಳು ನಾಲ್ಕು. ಅದರಲ್ಲಿ ಒಂದನೇ ಜೋಡಿ ನಮ್ಮದು, ನಾನು ಮತ್ತು ದಾಸಯ್ಯ. ಒಂದನೇ ಜೋಡಿ ಎಂದು ಯಾರೂ ಬೋರ್ಡು ಬರೆದು ಹಾಕಿಲ್ಲ, ನಾನೇ ಹೇಳಿಕೊಂಡು ಬಂದದ್ದು. ಜೋಡಿಯಾದ ಹದಿನಾಲ್ಕು ವರ್ಷದಿಂದ ಬಿಡದೆ ಹೇಳಿದ್ದಕ್ಕೆ ಈಗ ಲಾರಿ ಡ್ರೈವರುಗಳೂ ಹಾಗೇ ಕರೆಯುತ್ತಾರೆ.

ನನ್ನ ಹೆಸರು ದೇವರಾಜು. ದೇವಲಾಪುರದ ಕಡೆಯವನು. ವಯಸ್ಸು ನಲವತ್ತೇಳು, ತೂಕ ಎಂಬತ್ತಾರು. ಬನಿಯನ್ನು ಹಾಕಿಕೊಂಡು ನಿಂತರೆ ತೋಳು ನೋಡಿದವರು ಇನ್ನೊಂದು ಸಲ ನೋಡಬೇಕು, ಹಾಗಿದ್ದೇನೆ. ದಾಸಯ್ಯ ನನಗಿಂತ ಆರು ವರ್ಷಕ್ಕೆ ದೊಡ್ಡವನು. ಅವನ ಮೈಯಲ್ಲಿ ಮಾಂಸ ಎಲ್ಲಿದೆ ಎಂದು ಹುಡುಕಬೇಕು. ಅಂಗಿಯನ್ನು ಗೂಟಕ್ಕೆ ನೇತುಹಾಕಿದಂತೆ ಇರುತ್ತಾನೆ. ಪಕ್ಕದ ಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಾನೆ, ಬಂದವನು ಯಾರ ಹತ್ತಿರವೂ ಹೆಚ್ಚು ಮಾತಾಡುವುದಿಲ್ಲ. ಅವನ ಪಾಲಿನ ಮಾತನ್ನೂ ನಾನೇ ಆಡುತ್ತೇನೆ. ಅವನ ಪಾಲಿನ ಭಾರವನ್ನೂ ಸ್ವಲ್ಪ ನಾನೇ ಎತ್ತುತ್ತೇನೆ ಎಂದು ಎಲ್ಲರ ಹತ್ತಿರ ಹೇಳಿಕೊಂಡಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ನಮ್ಮ ಕೆಲಸ ಇಷ್ಟೇ. ಅರವತ್ತು ಕಿಲೋ ಹತ್ತಿಕಾಳು ಹಿಂಡಿಯ ಗೋಣಿಮೂಟೆ. ಒಬ್ಬ ಬಾಯಿಯ ಕಡೆ ಹಿಡಿಯಬೇಕು, ಒಬ್ಬ ಬುಡದ ಕಡೆ. ಇಬ್ಬರೂ ಒಟ್ಟಿಗೆ ಎತ್ತಿ, ಒಂದು ಸಲ ತೂಗಿ, ಎದೆ ಎತ್ತರದ ಲಾರಿ ಹಲಗೆಯ ಮೇಲೆ ಬಿಡಬೇಕು. ಬಾಯಿಯ ಕಡೆ ಹೊಲಿಗೆಯ ಎರಡು ಮೂಲೆಗಳು ಕಿವಿಯ ಹಾಗೆ ನಿಂತಿರುತ್ತವೆ, ಹಿಡಿತ ಸಲೀಸು. ಆದರೆ ಹೊಲಿಗೆಯ ಹುರಿ ತೊಡೆಗೆ ಉಜ್ಜುತ್ತದೆ, ಅದಕ್ಕೆ ಸೊಂಟಕ್ಕೆ ಒಂದು ಗೋಣಿತಾಟು ಕಟ್ಟಿಕೊಳ್ಳಬೇಕು. ಬುಡದ ಕಡೆ ಹಿಡಿತ ಇಲ್ಲ, ಅಲ್ಲಿ ಕಬ್ಬಿಣದ ಕೊಕ್ಕೆ ಬೇಕು. ಗೋಡೆಯಲ್ಲಿ ಎರಡು ಮೊಳೆ. ಒಂದರಲ್ಲಿ ತಾಟು, ಇನ್ನೊಂದರಲ್ಲಿ ಕೊಕ್ಕೆ. ಹತ್ತೂವರೆಗೆ ಟೀ ಬರುತ್ತದೆ. ಟೀ ಕುಡಿಯುವಾಗ ಅವೆರಡನ್ನೂ ಮೊಳೆಗೆ ಹಾಕುತ್ತೇವೆ. ಟೀ ಆದಮೇಲೆ ಕಡೆ ಬದಲಾಯಿಸುತ್ತೇವೆ: ಬಾಯಿಯವನು ಬುಡಕ್ಕೆ, ಬುಡದವನು ಬಾಯಿಗೆ. ತಾಟಾಗಲಿ ಕೊಕ್ಕೆಯಾಗಲಿ ಯಾರ ಸ್ವಂತದ್ದೂ ಅಲ್ಲ, ಆ ಕಡೆಯ ಸಾಮಾನು. ಯಾರು ಆ ಕಡೆ ನಿಲ್ಲುತ್ತಾನೋ ಅವನು ಆ ಮೊಳೆಯಲ್ಲಿರುವುದನ್ನೆಲ್ಲ ತೆಗೆದುಕೊಳ್ಳುತ್ತಾನೆ. ಇದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ, ನಾವೂ ಯಾರಿಗೂ ಹೇಳಿಲ್ಲ. ಹೇಳುವಂಥ ವಿಷಯ ಎಂದೇ ಅನ್ನಿಸಿರಲಿಲ್ಲ.

ಕಳೆದ ತಿಂಗಳು ನಮ್ಮ ಜೋಡಿಯಿಂದ ಎರಡು ಮೂಟೆ ಬಿದ್ದು ಒಡೆದವು. ಎರಡೂ ಟೀ ಆದಮೇಲೆ. ಗೋದಾಮಿನ ಮ್ಯಾನೇಜರು ಸುಶಮೀಂದ್ರ ಅವರು ಬಂದು ನೋಡಿ, ಕನ್ನಡಕ ಒರೆಸಿಕೊಂಡು ಹೋದರು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಅಲ್ಲಿಗೆ ಮುಗಿಸುತ್ತಿದ್ದೆ. ಆಗಲೇ ಅಶೋಕ್ ಎಂಬ ಇಪ್ಪತ್ತಾರರ ಗಟ್ಟಿ ಆಳು ಜೋಡಿಯಲ್ಲಿ ಜಾಗ ಸಿಕ್ಕೀತೇ ಎಂದು ಕೇಳಿಕೊಂಡು ಹೋಗಿದ್ದ. ಜೋಡಿಯಿಂದ ಇಳಿಸಿದವರನ್ನು ಚೀಲದ ಬಾಯಿ ಹೊಲಿಯುವ ಕಡೆ ಕೂರಿಸುತ್ತಾರೆ. ಅಲ್ಲಿ ಇರುವುದು ಹೆಂಗಸರು, ಜೊತೆಗೆ ಹರ್ನಿಯಾ ಆಪರೇಷನ್ ಆದ ಒಬ್ಬ ಮುದುಕ. ದಿನಾ ಅವರ ಮುಂದೆ ಮೂಟೆ ಎತ್ತಿಕೊಂಡು ತಿರುಗಿದವನು ಸೂಜಿ ಹಿಡಿದು ಅವರ ಸಾಲಿನಲ್ಲಿ ಕೂರುವುದು ಎಂದರೆ ನನಗೆ ಮೈ ಉರಿಯುತ್ತದೆ.

ಅಂಥ ಹೊತ್ತಿನಲ್ಲಿ ಪ್ರಜ್ಞ ಬಂದಳು. ಸುಶಮೀಂದ್ರ ಅವರ ಅಕ್ಕನ ಮಗಳು, ಮೇಲುಕೋಟೆಯವಳು. ಎಂಜಿನಿಯರಿಂಗ್ ಓದುತ್ತಿದ್ದಾಳೆ. ಭಾರ ಎತ್ತುವವರ ಮೈ ಬೆಳಗಿನಿಂದ ಮಧ್ಯಾಹ್ನದ ತನಕ ಹೇಗೆ ಬದಲಾಗುತ್ತದೆ ಎನ್ನುವುದೇ ಅವಳ ಪ್ರಾಜೆಕ್ಟು. ಕೇಳಿ ನಾನು ನಕ್ಕುಬಿಟ್ಟೆ.

"ಏನಮ್ಮಾ ಬದಲಾಗಾದು? ಬೆಳಗ್ಗೆ ಅರವತ್ತು ಕೇಜಿ, ಮದ್ಯಾನ್ನಾನೂ ಅರವತ್ತೇ ಕೇಜಿ."

"ಮೂಟೆ ಅಷ್ಟೇ ಇರುತ್ತೆ ಅಂಕಲ್, ನೀವು ಅಷ್ಟೇ ಇರಲ್ಲ," ಎಂದಳು. "ಮೊದಲ ಐವತ್ತು ಮೂಟೆಗೆ ಮಂಡಿ ಬಗ್ಗಿಸಿ ಎತ್ತುತ್ತೀರ. ಸುಸ್ತಾಗ್ತಾ ಮಂಡಿ ಬಗ್ಗೋದು ಕಡಿಮೆಯಾಗುತ್ತೆ, ಬೆನ್ನು ಬಗ್ಗೋದು ಜಾಸ್ತಿಯಾಗುತ್ತೆ. ಕಾಲು ತಿರುಗಿಸೋ ಬದಲು ಸೊಂಟ ತಿರುಗಿಸ್ತೀರ. ಅದೆಲ್ಲ ನಿಮಗೇ ಗೊತ್ತಾಗಲ್ಲ."

ನನ್ನ ಮೈಯಲ್ಲಿ ನನಗೆ ಗೊತ್ತಾಗದ್ದು ಈ ಹುಡುಗಿಗೆ ಗೊತ್ತಾಗುತ್ತದಂತೆ! ಸಿಟ್ಟು ಬಂತು, ತೋರಿಸಲಿಲ್ಲ.

ಅವಳ ಹತ್ತಿರ ಎರಡು ಸೊಂಟಪಟ್ಟಿ ಇದ್ದವು, ಒಂದು ಕೆಂಪು, ಒಂದು ನೀಲಿ. ಒಂದೊಂದಕ್ಕೂ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಬೆನ್ನಿಗೊಂದು, ತೊಡೆಗೊಂದು, ಮಣಿಕಟ್ಟಿಗೊಂದು ಸಣ್ಣ ಪಟ್ಟಿ. ಗಂಡಸರ ಮೈಗೆ ತಾನೇ ಕಟ್ಟಲು ಸಂಕೋಚಪಟ್ಟು, ಕಟ್ಟಿಕೊಳ್ಳುವುದು ಬಿಚ್ಚುವುದು ಎಲ್ಲ ನಮಗೇ ಹೇಳಿಕೊಟ್ಟಳು. ಅವತ್ತು ಬೆಳಿಗ್ಗೆ ಬಾಯಿಯ ಕಡೆ ದಾಸಯ್ಯ, ಅವನಿಗೆ ಕೆಂಪು. ಬುಡದ ಕಡೆ ನಾನು, ನನಗೆ ನೀಲಿ. ಅವಳು ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಬಣ್ಣ ಬರೆದುಕೊಂಡಳು. ಗೋದಾಮಿನೊಳಗೆ ಫೋಟೋ ವಿಡಿಯೋ ತೆಗೆಯಬಾರದು ಎಂದು ಸಾಹುಕಾರರು ಹೇಳಿದ್ದರಿಂದ ತೆಗೆಯಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿದಳು, ಹಿಂಡಿಯ ಧೂಳಿಗೆ ಕೆಮ್ಮು ಹತ್ತಿ ಮಾವನ ಕೋಣೆಗೆ ಹೋಗಿ ಕೂತಳು. ಕೆ.ಆರ್. ಪೇಟೆಗೆ ಹೋಗುವ ಲಾರಿ ನಿಂತಿತ್ತು. ಮಧ್ಯಾಹ್ನದೊಳಗೆ ಇನ್ನೂರ ಇಪ್ಪತ್ತು ಮೂಟೆ ಎತ್ತಿದೆವು. ಒಂದೂ ಬೀಳಲಿಲ್ಲ.

ಮುಂದಿನ ಶುಕ್ರವಾರ ಅವಳು ಲ್ಯಾಪ್‌ಟಾಪು ತಂದು ಮ್ಯಾನೇಜರ ಕೋಣೆಯಲ್ಲಿ ತೆರೆದಳು. ನನ್ನನ್ನೂ ದಾಸಯ್ಯನನ್ನೂ ಕರೆಸಿದರು. ಪರದೆಯ ಮೇಲೆ ಕೆಂಪು ಗೆರೆ ಒಂದು, ನೀಲಿ ಗೆರೆ ಒಂದು. ಒಂದರ ಹಿಂದೆ ಒಂದು ಏರುತ್ತಿದ್ದವು, ಇಳಿಯುತ್ತಿದ್ದವು.

"ಇಲ್ಲಿ ನೋಡಿ ಮಾವ," ಎಂದು ಬೆರಳಿಟ್ಟಳು. "ಟೀಗೆ ಮೊದಲು ಕೆಂಪು ಗೆರೆ ಒಂದು ಚೂರು ಮುಂಚೆ ಏಳುತ್ತೆ. ಅಂದರೆ ದಾಸಯ್ಯ ಅಂಕಲ್ ಮೊದಲು ಎತ್ತುತ್ತಾರೆ, ಭಾರ ಅವರು ತಗೋತಾರೆ. ದೇವರಾಜು ಅಂಕಲ್ ರೆಪ್ಪೆ ಹೊಡೆಯೋವಷ್ಟು ತಡ. ಟೀ ಆದಮೇಲೆ ಪೂರ್ತಿ ಉಲ್ಟಾ. ಕೆಂಪು ತಡವಾಗುತ್ತೆ, ಮಂಡಿ ಬಗ್ಗೋದೇ ಇಲ್ಲ, ಬರೀ ಬೆನ್ನು. ಮೂಟೆ ಹೆಚ್ಚಾಗ್ತಾ ಇನ್ನೂ ತಡ. ನೀಲಿ ಮಾತ್ರ ಪ್ರತಿ ಸಲ ಮುಂಚೆ. ಅಂದರೆ ದಾಸಯ್ಯ ಅಂಕಲ್ ಇದ್ದಕ್ಕಿದ್ದಂತೆ ಸೋತರು. ಅದು ಗೊತ್ತಾಗಿ ದೇವರಾಜು ಅಂಕಲ್ ಅವರ ಭಾರ ತಾವು ತಗೊಂಡರು. ಯಾರೂ ಹೇಳದೆ! ಎಷ್ಟು ಚೆನ್ನಾಗಿದೆ ಅಲ್ವಾ?"

ಸುಶಮೀಂದ್ರ ಅವರು ನನ್ನ ಕಡೆ ನೋಡಿ ತಲೆ ಆಡಿಸಿದರು. ನನಗೆ ಎದೆ ಉಬ್ಬಿತು. ಹದಿನಾಲ್ಕು ವರ್ಷದಿಂದ ನಾನು ಹೇಳಿಕೊಂಡು ಬಂದ ಮಾತನ್ನೇ ಕಂಪ್ಯೂಟರೂ ಹೇಳಿತ್ತು. ಇನ್ನೇನು ಬೇಕು?

"ಮೂಟೆ ಬೀಳೋದು ಯಾಕೆ ಅಂತ ಈಗ ಗೊತ್ತಾಯಿತು," ಎಂದರು ಸುಶಮೀಂದ್ರ. "ದಾಸಯ್ಯ, ಬೇಜಾರು ಮಾಡ್ಕೋಬೇಡ. ವಯಸ್ಸಾಯಿತು. ಸೋಮವಾರದಿಂದ ಹೊಲಿಗೆ ಕಡೆ ಕೂತ್ಕೋ. ದೇವರಾಜು ಜೊತೆಗೆ ಅಶೋಕ್ ಬರ್ತಾನೆ."

ದಾಸಯ್ಯ ಲ್ಯಾಪ್‌ಟಾಪಿನ ಕಡೆ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನನ್ನ ಕಡೆ ನೋಡಿದ. "ಆಗ್ಲಿ ಬುಡಿ ಸಾಮಿ," ಎಂದು ಹೊರಗೆ ಹೋದ. ಪಾಪ ಅನ್ನಿಸಿತು. ಜೊತೆಗೆ, ಹೇಳಬೇಕಾದ್ದು ಹೇಳಿಬಿಡುತ್ತೇನೆ, ಒಳಗೊಳಗೆ ಖುಷಿಯೂ ಆಯಿತು.

ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ನಾಗಮಂಗಲ ದಾಟುವ ತನಕ ಆ ಹುಡುಗಿಯ ಮಾತನ್ನೇ ಚಪ್ಪರಿಸುತ್ತಾ ಕೂತಿದ್ದೆ. ಮನೆಯಲ್ಲಿ ಹೆಂಡತಿ ಯಶೋದಮ್ಮನಿಗೆ ಹೇಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಹೊಂದಿಸುತ್ತಿದ್ದೆ. ಅವತ್ತು ಬೆಳಿಗ್ಗೆ ನಾನು ಬುಡದ ಕಡೆ ನೀಲಿ ಪಟ್ಟಿ ಕಟ್ಟಿಕೊಂಡೆ, ಟೀ ಬಂತು, ಪಟ್ಟಿ ಬಿಚ್ಚಿ ಮೊಳೆಗೆ ಹಾಕಿದೆ, ಟೀ ಆದಮೇಲೆ ಬಾಯಿಯ ಕಡೆ ಹೋಗಿ ತಾಟು ತೆಗೆದುಕೊಂಡು...

ಅಲ್ಲಿಗೆ ನಿಂತುಹೋಯಿತು. ತಾಟಿನ ಮೊಳೆಯಲ್ಲಿ ಇದ್ದದ್ದು ಕೆಂಪು ಪಟ್ಟಿ.

ನಾನು ತೆಗೆದುಕೊಂಡದ್ದು ಯಾವುದು? ಆ ಮೊಳೆಯಲ್ಲಿರುವುದನ್ನೆಲ್ಲ ತೆಗೆದುಕೊಳ್ಳುವುದು ನಮ್ಮ ರೂಢಿ. ಹಾಗಾದರೆ ಕೆಂಪನ್ನೇ ತೆಗೆದುಕೊಂಡಿರಬೇಕು. ಹಾಗಾದರೆ ಟೀ ಆದಮೇಲೆ ತಡವಾಗಿ ಎದ್ದ ಕೆಂಪು ಗೆರೆ ದಾಸಯ್ಯನದಲ್ಲ. ಟೀಗೆ ಮೊದಲು ತಡವಾಗಿ ಎದ್ದ ನೀಲಿಯಂತೂ ನನ್ನದೇ. ಅಂದರೆ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ತಡವಾಗಿ ಎತ್ತಿದವನು ನಾನು. ಮೊದಲು ಎತ್ತಿದವನು ದಾಸಯ್ಯ. ಯಾರೂ ಇದ್ದಕ್ಕಿದ್ದಂತೆ ಸೋಲಲಿಲ್ಲ. ಪಟ್ಟಿ ಮಾತ್ರ ಬದಲಾದವು.

ಛೆ, ಇರಲಾರದು ಎಂದುಕೊಂಡೆ. ಅವತ್ತು ಲಾರಿಯವನು ಅವಸರ ಮಾಡುತ್ತಿದ್ದ. ಕಡೆ ಬದಲಾಯಿಸಿದೆವೋ ಇಲ್ಲವೋ? ತಾಟು ಕಟ್ಟಿಕೊಂಡದ್ದು ನೆನಪಿದೆ, ಆದರೆ ತಾಟು ದಿನಾ ಕಟ್ಟಿಕೊಳ್ಳುತ್ತೇನೆ, ಅದು ಯಾವ ದಿನದ ನೆನಪು? ಕೆಂಪು ಪಟ್ಟಿ ಹೊಟ್ಟೆಗೆ ಬಿಗಿಯಾಗಿ, ಸಡಿಲ ಮಾಡಿಕೊಂಡ ಹಾಗೆ ನೆನಪು. ಅಥವಾ ಬೆಳಿಗ್ಗೆ ನೀಲಿ ಪಟ್ಟಿಯೇ ಬಿಗಿಯಾಗಿತ್ತೋ? ಯೋಚನೆ ಮಾಡಿದಷ್ಟೂ ಎರಡು ಬಣ್ಣವೂ ಕಲಸಿಕೊಂಡವು. ನನ್ನ ಸ್ಟಾಪು ದಾಟಿ ಬಸ್ಸು ಮುಂದೆ ಹೋಗಿತ್ತು. ಒಂದೂವರೆ ಮೈಲಿ ಹಿಂದಕ್ಕೆ ನಡೆದುಕೊಂಡು ಬಂದೆ.

ಮಾರನೆ ಬೆಳಿಗ್ಗೆ ಎದ್ದವನೇ ನಡುಮನೆಯ ರಾಗಿಮೂಟೆಯನ್ನು ಅಂಗಳಕ್ಕೆ ಎಳೆದುಕೊಂಡು ಬಂದು ಯಶೋದಮ್ಮನನ್ನು ಕರೆದೆ.

"ನಾನು ಎತ್ತಾದು ನೋಡು. ಮಂಡಿ ಬಗ್ತದಾ ಬೆನ್ನು ಬಗ್ತದಾ ಯೋಳು."

"ಬೆಳಬೆಳಗ್ಗೆ ಏನಾಯ್ತು ನಿಂಗೆ?"

"ನೋಡೇ ಅಂದ್ರೆ."

ಬಗ್ಗಿದೆ. ಬಗ್ಗಿದವನಿಗೆ ಮೊದಲು ಯಾವ ಮಂಡಿ ಬಗ್ಗಿಸಬೇಕು ಎಂದು ಗೊತ್ತಾಗಲಿಲ್ಲ. ಎಡಗಾಲು ಮುಂದಿಡುತ್ತಿದ್ದೆನೋ ಬಲಗಾಲೋ? ಉಸಿರು ಎಳೆದುಕೊಂಡು ಎತ್ತುತ್ತಿದ್ದೆನೋ ಬಿಟ್ಟು ಎತ್ತುತ್ತಿದ್ದೆನೋ? ಇಪ್ಪತ್ತೈದು ವರ್ಷದಲ್ಲಿ ಎಷ್ಟೋ ಸಾವಿರ ಮೂಟೆ ಎತ್ತಿದವನು ಒಂದು ರಾಗಿಮೂಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಪೆದ್ದನ ಹಾಗೆ ಯೋಚಿಸುತ್ತಿದ್ದೆ. ಯಶೋದಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ನೀನು ಮೊದ್ಲು ಇಂಗೆ ಎತ್ತುತಿರ್ಲಿಲ್ಲ ಕಣಪ್ಪ," ಎಂದಳು.

"ಎಂಗೆ ಎತ್ತುತಿದ್ದೆ?"

"ಅದ್ಯಾರಿಗ್ಗೊತ್ತು? ದಡಕ್ಕನೆ ಎತ್ತುತಿದ್ದೆ. ಈಗ ಒಸಿ ನಿಂತು, ಯಾರೋ ಬಂದು ಕೈ ಕೊಡ್ತಾರೇನೋ ಅಂತ ಕಾಯ್ಕಂಡು ಆಮೇಲೆ ಎತ್ತೀಯ. ನೀರಿನ ಬಿಂದಿಗೇನೂ ಅಂಗೇ ಎತ್ತೀಯ. ನೋಡ್ತಾನೇ ಇವ್ನಿ, ಎರಡು ವರ್ಸ ಆಯ್ತು."

ಬಾಯಿ ಮುಚ್ಚಿಕೊಂಡಿರು ಎಂದು ರೇಗಿದೆ. ಅವಳು ಒಳಗೆ ಹೋದಳು. ಮೂಟೆಯನ್ನು ಅಲ್ಲೇ ಬಿಟ್ಟು ಬಸ್ಸು ಹಿಡಿದೆ.

ಶನಿವಾರ ದಾಸಯ್ಯನ ಜೊತೆ ನನ್ನ ಕೊನೆಯ ದಿನ. ಕೆಲಸ ಶುರುವಾಗುವ ಮೊದಲೇ ಕೇಳಿಬಿಟ್ಟೆ.

"ದಾಸಣ್ಣ, ಆವತ್ತು ಟೀ ಆದಮೇಲೆ ಕಡೆ ಬದಲಾಯಿಸಿದ್ವಾ?"

ಅವನು ತಾಟನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ. "ಇಲ್ಲ ಕಣ್ಲಾ."

"ಬೆಲ್ಟು?"

"ಕಡೆನೇ ಬದಲಾಯಿಸ್ನಿಲ್ಲ ಅಂದ್ಮೇಲೆ ಬೆಲ್ಟು ಎಲ್ಲಿ ಬದಲಾಯ್ತದೆ? ಲಾರಿಯವ್ನು ಅರ್ಜೆಂಟು ಮಾಡ್ತಿದ್ದ. ನೆನಪಿಲ್ವಾ?"

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವನಿಗೇ ನೆನಪಿದೆ ಎಂದಮೇಲೆ ನನ್ನದೇನು? ಮೂಟೆ ಎತ್ತಲು ಶುರುಮಾಡಿದೆವು. ಆದರೂ ಅವನ ಕೈಯನ್ನೇ ನೋಡುತ್ತಿದ್ದೆ. ಅವನು ಮುಂಚೆ ಎತ್ತುತ್ತಾನೋ, ನಾನು ತಡ ಮಾಡುತ್ತೇನೋ? ನೋಡುತ್ತಾ ಎತ್ತಿದರೆ ಎತ್ತುವುದೇ ಮರೆಯುತ್ತಿತ್ತು, ಎತ್ತುವುದರ ಮೇಲೆ ಗಮನ ಇಟ್ಟರೆ ನೋಡುವುದು ತಪ್ಪುತ್ತಿತ್ತು. ಒಂದು ಮೂಟೆಗೆ ಅವನು ಮೊದಲು ಅನ್ನಿಸುತ್ತಿತ್ತು, ಇನ್ನೊಂದಕ್ಕೆ ನಾನೇ ಮೊದಲು. ಬೇಕೆಂದೇ ಬೇಗ ಎತ್ತಿ ನೋಡಿದೆ. ಮೂಟೆ ಓರೆಯಾಗಿ ದಾಸಯ್ಯನ ಮುಖಕ್ಕೆ ಬಡಿಯಿತು. "ಏನ್ಲಾ ಮಾಡ್ತಿದ್ದೀಯ? ಸುಮ್ಕೆ ಎತ್ತು," ಎಂದ. ಟೀ ಬರುವ ಹೊತ್ತಿಗೆ ಮೂರು ದಿನ ಜ್ವರ ಬಂದವನ ಹಾಗೆ ಸುಸ್ತಾಗಿದ್ದೆ. ಟೀ ಆದಮೇಲೆ ನನ್ನ ಕೈಯಲ್ಲಿ ತಾಟು ಇತ್ತು, ಅವನ ಕೈಯಲ್ಲಿ ಕೊಕ್ಕೆ. ಯಾವಾಗ ಬದಲಾಯಿಸಿಕೊಂಡೆವು ಎಂಬುದು, ಅಷ್ಟು ಎಚ್ಚರವಾಗಿದ್ದೂ, ನನಗೆ ಗೊತ್ತಾಗಿರಲಿಲ್ಲ.

ಸೋಮವಾರ ಅಶೋಕ್ ಬಂದ. ಒಳ್ಳೆಯ ಹುಡುಗ, ಬಂದವನೇ ನನ್ನ ಕಾಲು ಮುಟ್ಟಿದ. ಗೋಡೆಯ ಪಕ್ಕದ ಸಾಲಿನಲ್ಲಿ ದಾಸಯ್ಯ ದಬ್ಬಳ ಹಿಡಿದು ಹೆಂಗಸರ ಕೊನೆಯಲ್ಲಿ ಕೂತಿದ್ದ. ಅವನ ಕಡೆ ನೋಡಬಾರದು ಎಂದು ನಾನು ಲಾರಿಯ ಕಡೆ ಮುಖ ಮಾಡಿಕೊಂಡು ನಿಂತೆ.

ಮೊದಲನೇ ಮೂಟೆ ಹಿಡಿದೆವು. ಅಶೋಕ್ ಎತ್ತಿದ. ನಾನೂ ಎತ್ತಿದೆ. ಮೂಟೆ ಅವನ ಕಡೆ ಎದ್ದಿತು, ನನ್ನ ಕಡೆ ನೆಲದಲ್ಲೇ ಇತ್ತು. ಒದ್ದಾಡಿ ಎತ್ತಿ ಹಾಕಿದೆ. ಅರವತ್ತು ಕಿಲೋದಲ್ಲಿ ನನ್ನ ಪಾಲು ಮೂವತ್ತು. ಆ ಮೂವತ್ತು ಕಿಲೋ ಎಷ್ಟಿರುತ್ತದೆ ಎನ್ನುವುದು ಅವತ್ತು ನನ್ನ ಸೊಂಟಕ್ಕೆ ಹೊಸದಾಗಿ ಗೊತ್ತಾಯಿತು. ಚೀಲ ಒದ್ದೆಯಾಗಿರಬೇಕು ಎಂದುಕೊಂಡೆ. ಎರಡನೆಯದೂ ಹಾಗೇ. ಹತ್ತನೆಯದೂ ಹಾಗೇ. ಹಿಂಡಿ ಈ ಸಲ ಬಿಗಿಯಾಗಿ ತುಂಬಿದ್ದಾರೆ ಎಂದು ಗೊಣಗಿದೆ. ತೂಕದ ಯಂತ್ರಕ್ಕೆ ಒಂದನ್ನು ಹಾಕಿಸಿ ನೋಡಿದೆ. ಅರವತ್ತೇ ಇತ್ತು.

"ಅಣ್ಣ, ತಪ್ಪು ತಿಳ್ಕಬೇಡ," ಎಂದ ಅಶೋಕ್. "ನೀನು ಒಸಿ ತಡವಾಗಿ ಎತ್ತೀಯ. ನಾನು ಎತ್ತಿದ್ಮೇಲೆ ಎತ್ತೀಯ."

"ನಾನಾ? ಇಪ್ಪತ್ತೈದು ವರ್ಸದ ಸರ್ವೀಸು ಕಣ್ಲಾ ನಂದು! ನೀನು ಬೇಗ ಎತ್ತೀಯ!"

"ಇಲ್ಲಣ್ಣ, ನಿನ್ನ ಮುಖ ನೋಡ್ಕಂಡೇ ಎತ್ತುತಾವ್ನಿ."

ಟೀ ಆದಮೇಲೆ ನಲವತ್ತನೆಯದೋ ನಲವತ್ತೆರಡನೆಯದೋ ಮೂಟೆ ನನ್ನ ಕೈ ಜಾರಿ ಲಾರಿಯ ಅಂಚಿಗೆ ಬಡಿದು ಒಡೆಯಿತು. ಹಿಂಡಿಯೆಲ್ಲ ಕಾಲ ಮೇಲೆ ಸುರಿಯಿತು. ಹೆಂಗಸರು ಸೂಜಿ ನಿಲ್ಲಿಸಿ ನನ್ನ ಕಡೆ ನೋಡಿದರು. ದಾಸಯ್ಯ ಒಬ್ಬನೇ ನೋಡಲಿಲ್ಲ. ತಲೆ ಬಗ್ಗಿಸಿಕೊಂಡು ಹೊಲಿಯುತ್ತಲೇ ಇದ್ದ. ಅವನು ನೋಡದೆ ಇದ್ದದ್ದರಿಂದಲೇ ನನಗೆ ಎಲ್ಲ ಗೊತ್ತಾಯಿತು.

ಊಟದ ಹೊತ್ತಿಗೆ ಅವನು ಗೋದಾಮಿನ ಹಿಂದೆ ಬೇವಿನ ಮರದ ಕೆಳಗೆ ಮುದ್ದೆ ಮುರಿಯುತ್ತಿದ್ದ. ಹೋಗಿ ಎದುರಿಗೆ ನಿಂತೆ.

"ಎಷ್ಟು ದಿನದಿಂದ?" ಎಂದೆ.

"ಏನು ಎಷ್ಟು ದಿನ?"

"ಸುಳ್ಳು ಬೊಗಳಬೇಡ ಕಣ್ಲಾ ದಾಸ. ಎಷ್ಟು ದಿನದಿಂದ ನನ್ನ ಭಾರ ನೀನು ಎತ್ತುತಾ ಇದ್ದೀಯ?"

ಅವನು ತುತ್ತು ನುಂಗಿ ನೀರು ಕುಡಿದ. "ಹೋದ್ವರ್ಸಕ್ಕೂ ಹಿಂದಿನ ವರ್ಸ ಲಾರಿ ಮೇಲಿಂದ ಜಾರಿ ಬಿದ್ದೆಯಲ್ಲ, ಆಗ್ಲಿಂದ. ಆಮೇಕೆ ನೀನು ಎತ್ತಾದು ಒಸಿ ತಡ ಆಯ್ತು. ಕಾದ್ರೆ ಮೂಟೆ ಬೀಳ್ತದೆ. ಅದಕ್ಕೆ ನಾನು ಮುಂಚೆ ಎತ್ತಕ್ಕೆ ಸುರು ಮಾಡ್ದೆ. ಆಮೇಲಾಮೇಲೆ ಅಂಗೇ ರೂಢಿ ಆಗೋಯ್ತು. ಹೋದ ತಿಂಗಳು ಎರಡು ಸಾರಿ ನನ್ನ ಕೈಲೂ ಆಗ್ನಿಲ್ಲ. ಅಷ್ಟೇಯ."

ಜಾರಿ ಬಿದ್ದದ್ದು ನನಗೆ ಮರೆತೇ ಹೋಗಿತ್ತು. ಎದ್ದು ಮಣ್ಣು ಕೊಡವಿಕೊಂಡು, ನನಗೇನೂ ಆಗಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಕೂಗಿದ್ದೆ. ನೋವು ಎರಡು ದಿನಕ್ಕೆ ಹೋಯಿತು. ಉಳಿದದ್ದು ಏನು ಎಂಬುದು ನನಗೆ ತಿಳಿಯಲೇ ಇಲ್ಲ.

"ಬೆಲ್ಟು ಬದಲಾಗಿತ್ತು. ನಿಂಗೆ ಗೊತ್ತಿತ್ತು. ಮ್ಯಾನೇಜರ ಮುಂದೆ ಯಾಕ್ಲಾ ಬಾಯಿ ಬುಡ್ನಿಲ್ಲ? ನಾನು ಕೇಳ್ದಾಗ ಯಾಕೆ ಇಲ್ಲ ಅಂದೆ?"

"ನಾನು ಎಲ್ಲಿ ಕುಂತ್ಕಂಡ್ರೂ ಕುಂತ್ಕತೀನಿ ದೇವರಾಜ. ದಬ್ಬಳ ಕೊಟ್ರೆ ಹೊಲೀತೀನಿ, ಪೊರಕೆ ಕೊಟ್ರೆ ಗುಡಿಸ್ತೀನಿ. ನೀನು ಆ ಹೆಂಗಸ್ರ ಮದ್ಯೆ ಒಂದು ದಿನ ಕುಂತ್ರೆ ಸತ್ತೋಗ್ತೀಯ. ಅದಕ್ಕೇಯ."

ಹೊಡೆಯಬೇಕು ಅನ್ನಿಸಿತು. ಕಾಲು ಹಿಡಿಯಬೇಕು ಎಂದೂ ಅನ್ನಿಸಿತು. ಯಾವುದು ಮೊದಲು ಎಂದು ಗೊತ್ತಾಗದೆ ಸುಮ್ಮನೆ ನಿಂತಿದ್ದೆ. ಹದಿನಾಲ್ಕು ವರ್ಷ ಇವನ ಭಾರ ನಾನು ಎತ್ತುತ್ತೇನೆ ಎಂದು ಇವನ ಎದುರಿಗೇ ಹೇಳಿದ್ದೇನೆ. ಕೊನೆಯ ಎರಡು ವರ್ಷ ಇವನು ಅದನ್ನು ಕೇಳಿಕೊಂಡು, ನನ್ನ ಭಾರ ಎತ್ತಿಕೊಂಡು, ಸುಮ್ಮನಿದ್ದ. ನನಗೆ ಇಂಥ ನಾಚಿಕೆ ಜೀವನದಲ್ಲಿ ಆಗಿಲ್ಲ.

"ಮುದ್ದೆ ಆರೋಯ್ತದೆ, ಕುಂತ್ಕ," ಎಂದ.

ಕೂರಲಿಲ್ಲ. ನೆಟ್ಟಗೆ ಮ್ಯಾನೇಜರ ಕೋಣೆಗೆ ಹೋದೆ. ಸುಶಮೀಂದ್ರ ಅವರು ಮೊಸರನ್ನ ತಿನ್ನುತ್ತಿದ್ದರು.

"ಸಾಮಿ, ಟೀ ಆದಮೇಲೆ ಕೆಂಪು ಬೆಲ್ಟು ನನ್ನ ಸೊಂಟದಲ್ಲಿತ್ತು," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಮೊಳೆ, ತಾಟು, ಕೊಕ್ಕೆ ಎಂದು ಮೊದಲಿನಿಂದ ಹೇಳಿದೆ. ಅರ್ಧದಲ್ಲಿ ನನಗೇ ಗೋಜಲಾಗಿ, ಎರಡು ಟವಲು ತೆಗೆದುಕೊಂಡು ಒಂದನ್ನು ಕಿಟಕಿಗೆ ಒಂದನ್ನು ಕುರ್ಚಿಗೆ ಹಾಕಿ ತೋರಿಸಿದೆ. ಅವರು ಪ್ರಜ್ಞಳಿಗೆ ಫೋನು ಮಾಡಿ ನನ್ನ ಕೈಗೆ ಕೊಟ್ಟರು.

"ಅಯ್ಯೋ ಅಂಕಲ್!" ಎಂದಳು ಆ ಕಡೆಯಿಂದ. "ನಿಮ್ಮ ಪಟ್ಟಿ ನಿಮ್ಮದು, ಅವರ ಪಟ್ಟಿ ಅವರದು ಅಂತ ಹೇಳಿದ್ದೆನಲ್ಲಾ?"

"ನಮ್ಮಲ್ಲಿ ಅಂಗೆ ಇಲ್ಲ ಕಣಮ್ಮ. ಸಾಮಾನು ಆಳಿಂದಲ್ಲ, ಕಡೆಯದು."

ಅವಳು ಲ್ಯಾಪ್‌ಟಾಪು ತೆರೆದಳೇನೋ. ಕೀಲಿಮಣೆಯ ಸದ್ದು ಕೇಳಿಸಿತು. "ಟೀ ಹೊತ್ತಿಗೆ ಎರಡು ಗೆರೆನೂ ಯಾಕೆ ಒಟ್ಟಿಗೆ ಹಾರಿದವು ಅಂತ ತಲೆ ಕೆಡಿಸಿಕೊಂಡಿದ್ದೆ," ಎಂದಳು ನಿಧಾನವಾಗಿ. "ಬಣ್ಣ ಬದಲಾಯಿಸಿ ನೋಡಿದರೆ ಸರಿಯಾಗಿ ಕೂಡುತ್ತೆ. ಹಾಗಾದ್ರೆ ದೇವರಾಜು ಅಂಕಲ್, ಮೊದಲಿಂದ ಕೊನೆಯ ತನಕ ತಡವಾಗಿ ಎತ್ತಿರೋದು..." ಅಲ್ಲಿಗೆ ನಿಲ್ಲಿಸಿದಳು. ಒಳ್ಳೆಯ ಹುಡುಗಿ.

"ನಾನೇ," ಎಂದೆ. ಆ ಎರಡು ಅಕ್ಷರ ಹೇಳಲು ಅರವತ್ತು ಕಿಲೋಗಿಂತ ಹೆಚ್ಚು ಕಷ್ಟವಾಯಿತು.

ಮಂಗಳವಾರದಿಂದ ದಾಸಯ್ಯ ಅಶೋಕನ ಜೋಡಿ. ನಾನು ಗೋಡೆಯ ಪಕ್ಕದ ಸಾಲಿನಲ್ಲಿ, ಪಾರ್ವತಮ್ಮ ಎಂಬ ಹೆಂಗಸಿನ ಪಕ್ಕ. ಸತ್ತುಹೋಗಲಿಲ್ಲ. ಬೆರಳಿಗೆ ಮೂರು ಸಲ ದಬ್ಬಳ ಚುಚ್ಚಿಕೊಂಡೆ, ಪಾರ್ವತಮ್ಮ ಬೈದು ಬೈದು ಹೊಲಿಗೆ ಹೇಳಿಕೊಟ್ಟಳು. ಅವಮಾನವಾಗಲಿಲ್ಲ ಎಂದರೆ ಸುಳ್ಳು. ಕಿವಿ ಬಿಸಿಯಾಗಿಯೇ ಇತ್ತು.

ಹದಿನಾಲ್ಕು ವರ್ಷದಲ್ಲಿ ದಾಸಯ್ಯ ಮೂಟೆ ಎತ್ತುವುದನ್ನು ನಾನು ದೂರದಿಂದ ನೋಡಿದ್ದು ಅವತ್ತೇ ಮೊದಲು. ಮೂಟೆಯ ಈ ತುದಿಯಲ್ಲಿ ನಾನು ಇರುತ್ತಿದ್ದೆ, ನೋಡುವುದು ಎಲ್ಲಿ? ಮಂಡಿ ಎಷ್ಟು ಬೇಕೋ ಅಷ್ಟು ಬಗ್ಗಿಸುತ್ತಾನೆ, ಬೆನ್ನು ನೆಟ್ಟಗೆ, ಕಾಲು ತಿರುಗಿಸಿ ನಿಲ್ಲುತ್ತಾನೆ. ಆ ಸಣಕಲು ಮೈಯಲ್ಲಿ ಎಲ್ಲವೂ ಎಲ್ಲೆಲ್ಲಿ ಇರಬೇಕೋ ಅಲ್ಲಲ್ಲೇ ಇತ್ತು. ಆದರೂ ಮೂಟೆ ಓರೆಯಾಗುತ್ತಿತ್ತು.

ಐದಾರು ಮೂಟೆ ನೋಡಿದಮೇಲೆ ಕಾರಣ ಕಂಡಿತು. ಅಶೋಕ್ ಸರಿಯಾದ ಹೊತ್ತಿಗೆ ಎತ್ತುತ್ತಿದ್ದ. ದಾಸಯ್ಯ ಅದಕ್ಕೂ ಮುಂಚೆ, ಒಂದು ರೆಪ್ಪೆಯಷ್ಟು ಮುಂಚೆ, ಎತ್ತಿಬಿಡುತ್ತಿದ್ದ. ಮೂಟೆಯ ಬುಡ ಮೇಲಕ್ಕೆ ಹಾರಿ ಬಾಯಿ ಕೆಳಗೇ ಉಳಿಯುತ್ತಿತ್ತು. ಅವನು ನನಗಾಗಿ ಎತ್ತುತ್ತಿದ್ದ. ನಾನು ಅಲ್ಲಿರಲಿಲ್ಲ.

"ದಾಸಣ್ಣ, ಒಸಿ ತಡಿ," ಎಂದ ಅಶೋಕ್.

"ಹೂಂ ಕಣಪ್ಪ," ಎಂದ ದಾಸಯ್ಯ. ಮುಂದಿನದಕ್ಕೂ ಹಾಗೇ ಮಾಡಿದ. ತಡೆಯಲು ನೋಡಿ ಇನ್ನೊಂದಕ್ಕೆ ತೀರಾ ತಡ ಮಾಡಿದ. ಅದರ ಮುಂದಿನದಕ್ಕೆ ಮತ್ತೆ ಮುಂಚೆ. ಮೂಟೆ ಇಳಿಸಿ, ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡ. ಏನಾಗುತ್ತಿದೆ ಎಂದು ಅವನಿಗೆ ತಿಳಿಯಲಿಲ್ಲ. ಮ್ಯಾನೇಜರ ಕೋಣೆಯ ಬಾಗಿಲು ತೆರೆಯಿತು, ಸುಶಮೀಂದ್ರ ಅವರು ಹೊರಗೆ ಬಂದು ನಿಂತು ನೋಡತೊಡಗಿದರು. ಈಗ ಒಂದು ಮೂಟೆ ಒಡೆದರೆ ದಾಸಯ್ಯನೂ ನನ್ನ ಪಕ್ಕಕ್ಕೆ ಬಂದು ಕೂರಬೇಕಾಗುತ್ತಿತ್ತು.

ನನಗೆ ಅಳು ಬಂತು. ಪಾರ್ವತಮ್ಮ ನೋಡುತ್ತಿದ್ದಳು, ನೋಡಲಿ ಎಂದು ಅತ್ತೆ. ಆಮೇಲೆ ದಬ್ಬಳವನ್ನು ಚೀಲಕ್ಕೆ ಚುಚ್ಚಿಟ್ಟು, ಕೂತಲ್ಲಿಂದಲೇ ಅವರಿಬ್ಬರ ಕೈಗಳ ಮೇಲೆ ಕಣ್ಣಿಟ್ಟೆ. ದಾಸಯ್ಯ ಬಗ್ಗಿದ. ಕೊಕ್ಕೆ ಸಿಕ್ಕಿಸಿದ. ಅವನ ಭುಜ ಏಳಲು ಹೊರಟಿತು.

"ತಡಿ," ಎಂದು ಕೂಗಿದೆ.

ಅವನು ನಿಂತ. ಅಶೋಕ್ ಮೂಟೆಯ ಕಿವಿ ಹಿಡಿದು ಕಾಲು ಊರಿದ.

"ಈಗ ಎತ್ತು."

ಮೂಟೆ ಎರಡು ತುದಿಯೂ ಸಮನಾಗಿ ಎದ್ದು, ಒಂದು ಸಲ ತೂಗಿ, ಲಾರಿಯೊಳಗೆ ಹೋಯಿತು. ದಾಸಯ್ಯ ತಿರುಗಿ ನನ್ನ ಕಡೆ ನೋಡಿದ. ಮುಂದಿನ ಮೂಟೆಗೆ ಬಗ್ಗಿದ. ಅದಕ್ಕೂ ನಾನು ಹೇಳಬೇಕಾಯಿತು.